ಅರಭಾವಿಯಲ್ಲಿ ತೆಗೆದ ಚಿತ್ರ ಅರಭಾವಿಯಂತೆ ಕೇಳಿಸಲಿ

ಕಾಲೇಜು ವಿದ್ಯಾರ್ಥಿಗಳ ಕಿರುಚಿತ್ರಗಳಲ್ಲಿ ಈಗ ಚಿತ್ರದ ಬಗ್ಗೆ ದೂರುವಂಥದ್ದು ಹೆಚ್ಚೇನೂ ಉಳಿದಿಲ್ಲ. ಕೈಯಲ್ಲಿರುವ ಫೋನೇ ಒಳ್ಳೆಯ ಕ್ಯಾಮೆರಾ. ಎಳೆಬಿಸಿಲು, ಕಬ್ಬಿನ ಪಡ, ಮಠದ ಕಲ್ಲುಕಟ್ಟೆ ಎಲ್ಲವೂ ಅದರಲ್ಲಿ ಚೆಂದವಾಗಿಯೇ ಮೂಡುತ್ತವೆ. ಕೆಡುವುದು ಸದ್ದಿನಲ್ಲಿ. ಮಾತು ಬಾವಿಯೊಳಗಿಂದ ಬಂದಂತಿರುತ್ತದೆ, ಗಾಳಿ ಬುಸುಗುಡುತ್ತದೆ. ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ಸದ್ದು ಪಟ್ಟನೆ ಕತ್ತರಿಸಿಹೋಗುತ್ತದೆ. ಇದನ್ನೆಲ್ಲ ಮುಚ್ಚಿಹಾಕಲು ಅಂತರ್ಜಾಲದಿಂದ ಇಳಿಸಿಕೊಂಡ ಪಿಯಾನೊ ಸಂಗೀತವನ್ನು ಮೊದಲಿನಿಂದ ಕೊನೆಯವರೆಗೆ ಹಾಸಿಬಿಡುತ್ತಾರೆ. ಕಣ್ಣಿಗೆ ಘಟಪ್ರಭೆ ಕಾಣುತ್ತಿರುತ್ತದೆ, ಕಿವಿಗೆ ಯಾವ ಊರೂ ಕೇಳಿಸುವುದಿಲ್ಲ.

ಅರಭಾವಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಿರುಚಿತ್ರ ಮಾಡಹೊರಟವರಿಗೆ ಈ ಲೇಖನ. ನನ್ನ ಮಾತು ಇಷ್ಟು: ಈ ನೆಲದಲ್ಲಿ ತೆಗೆದ ಚಿತ್ರಕ್ಕೆ ಬೇಕಾದ ಸದ್ದು ಮತ್ತು ಸಂಗೀತದ ಬಹುಪಾಲು ಈ ನೆಲದಲ್ಲೇ ಸಿಗುತ್ತದೆ. ಅದನ್ನು ಹಿಡಿಯಲು ದೊಡ್ಡ ಸಾಮಗ್ರಿ ಬೇಕಿಲ್ಲ, ಪುರುಸೊತ್ತು ಮಾಡಿಕೊಂಡು ಕೇಳುವ ಕಿವಿ ಬೇಕು. ಕೆಲಸದ ಕ್ರಮವೂ ಮುಖ್ಯ. ಮೊದಲು ಮಾತು, ಆಮೇಲೆ ಜಾಗದ ಸದ್ದು, ಅದಾದ ಮೇಲೆ ನಾವೇ ಮಾಡಿಕೊಳ್ಳುವ ಸದ್ದು. ಸಂಗೀತದ ಸರದಿ ಎಲ್ಲಕ್ಕಿಂತ ಕಡೆಗೆ. ಬಹಳಷ್ಟು ತಂಡಗಳು ಈ ಸಾಲನ್ನು ತಿರುವುಮುರುವು ಮಾಡುತ್ತವೆ. ಚಿತ್ರೀಕರಣಕ್ಕೆ ಮೊದಲೇ ಹಾಡು ಆರಿಸಿಟ್ಟುಕೊಂಡು, ಮಾತಿನ ಮೈಕು ಯಾವುದೆಂದು ಚಿತ್ರೀಕರಣದ ದಿನ ಹುಡುಕುತ್ತಾರೆ.

ವಿದ್ಯಾರ್ಥಿ ಚಿತ್ರ ಎಂದರೆ ಚಿಕ್ಕ ಮಾತೇನಲ್ಲ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ 'ಲಾ ಸಿನೆಫ್'ನಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ ಕಿರುಚಿತ್ರ: 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಚಿದಾನಂದ ಎಸ್. ನಾಯ್ಕ್ ಅದರ ನಿರ್ದೇಶಕರು. ಸದ್ದಿನ ಕೆಲಸ ಮಾಡಿದವರು ಅವರ ಸಹಪಾಠಿ ಅಭಿಷೇಕ್ ಕದಂ. ಹದಿನಾರು ನಿಮಿಷದ ಈ ಚಿತ್ರಕ್ಕೆ ನಮ್ಮದೇ ಜಾನಪದ ಕಥೆ ಆಧಾರ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಕಥೆ ನಿಂತಿರುವುದೇ ಒಂದು ಕೂಗಿನ ಮೇಲೆ. ಕಥೆ ಬರೆಯುವಾಗಲೇ ಸದ್ದನ್ನು ಹೀಗೆ ಒಂದು ಪಾತ್ರದಂತೆ ಯೋಚಿಸಿದರೆ ಮುಂದಿನ ಅರ್ಧ ಕೆಲಸ ಹಗುರ. ನಿಮ್ಮ ಸ್ಕ್ರಿಪ್ಟಿನ ಪ್ರತಿ ದೃಶ್ಯದ ಪಕ್ಕದಲ್ಲಿ 'ಇಲ್ಲಿ ಏನು ಕೇಳಿಸಬೇಕು' ಎಂದು ಒಂದು ಸಾಲು ಬರೆದಿಡಿ. ಏನೂ ಹೊಳೆಯದ ದೃಶ್ಯವಿದ್ದರೆ ಆ ದೃಶ್ಯವನ್ನೇ ಇನ್ನೊಮ್ಮೆ ನೋಡಬೇಕಾಗುತ್ತದೆ.

ಜಾಗ ನೋಡಲು ಹೋದಾಗ ಕೇಳಿಯೂ ಬನ್ನಿ

ಲೊಕೇಶನ್ ನೋಡಲು ಹೋಗುವವರು ಬೆಳಕು ನೋಡುತ್ತಾರೆ, ಗೋಡೆಯ ಬಣ್ಣ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಒಬ್ಬರು ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲಬೇಕು. ಚಿತ್ರೀಕರಣ ಬೆಳಿಗ್ಗೆ ಏಳಕ್ಕಿದ್ದರೆ ಬೆಳಿಗ್ಗೆ ಏಳಕ್ಕೇ ಹೋಗಿ ಕೇಳಬೇಕು, ಸಂಜೆ ಹೋಗಿ ಕೇಳಿದರೆ ಉಪಯೋಗವಿಲ್ಲ. ಈ ಸೀಮೆಯ ಸದ್ದಿಗೆ ಅದರದೇ ವೇಳಾಪಟ್ಟಿ ಇದೆ. ಘಟಪ್ರಭಾ ಸ್ಟೇಷನ್ನಿನ ಆಸುಪಾಸಿನಲ್ಲಿ ರೈಲು ಬಂದುಹೋಗುತ್ತಿರುತ್ತದೆ. ಹೊಲದಲ್ಲಿ ತ್ರೀಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟರುಗಳೆಲ್ಲ ಒಮ್ಮೆಗೇ ಶುರುವಾಗುತ್ತವೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹಗಲೂ ರಾತ್ರಿ ಓಡಾಡುತ್ತವೆ. ಗುಡಿಯ ಸುಪ್ರಭಾತ, ಮಸೀದಿಯ ಅಜಾನ್, ಶಾಲೆಯ ಪ್ರಾರ್ಥನೆ, ಪ್ರತಿಯೊಂದಕ್ಕೂ ಹೊತ್ತು ನಿಗದಿ. ಇವನ್ನೆಲ್ಲ ಗಡಿಯಾರದ ಜೊತೆ ಬರೆದುಕೊಂಡರೆ ಯಾವ ಮಾತಿನ ದೃಶ್ಯವನ್ನು ಯಾವಾಗ ತೆಗೆಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಅರ್ಧ ಸಂಭಾಷಣೆ ಅಜಾನ್ ಸಹಿತ, ಇನ್ನರ್ಧ ಅಜಾನ್ ಇಲ್ಲದೆ ರೆಕಾರ್ಡ್ ಆದರೆ ಎಡಿಟಿಂಗ್ ಮೇಜಿನ ಮೇಲೆ ಅವೆರಡನ್ನೂ ಕೂಡಿಸಲಾಗುವುದಿಲ್ಲ.

ಮನೆಯೊಳಗಿನ ದೃಶ್ಯವಾದರೆ ಫ್ಯಾನು ಆರಿಸಿ, ಮನೆಯವರನ್ನು ಕೇಳಿಕೊಂಡು ಫ್ರಿಜ್ಜನ್ನೂ ಆರಿಸಿ. ಆಮೇಲೆ ಅದನ್ನು ಹಾಕಲು ಮರೆತರೆ ಮನೆಯವರ ಹಾಲು ಒಡೆಯುತ್ತದೆ. ಸೌಂಡ್ ರೆಕಾರ್ಡಿಸ್ಟರು ಇದಕ್ಕೊಂದು ಉಪಾಯ ಮಾಡುತ್ತಾರೆ: ತಮ್ಮ ಗಾಡಿಯ ಚಾವಿಯನ್ನು ಫ್ರಿಜ್ಜಿನೊಳಗೇ ಇಟ್ಟಿರುತ್ತಾರೆ, ಚಾವಿ ತೆಗೆಯದೆ ಮನೆಗೆ ಹೋಗುವಂತಿಲ್ಲವಲ್ಲ. ಖಾಲಿ ಕೋಣೆ ಗಣಗಣ ಎನ್ನುತ್ತಿದ್ದರೆ ಕ್ಯಾಮೆರಾಕ್ಕೆ ಕಾಣದ ಕಡೆ ಕೌದಿ, ಜಮಖಾನೆ, ಗಾದಿಗಳನ್ನು ತೂಗುಹಾಕಿ. ನಾಲ್ಕು ಕೌದಿ ಮಾಡುವಷ್ಟು ಕೆಲಸವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ. ತಗಡಿನ ಮಾಡಿನ ಮನೆಯಲ್ಲಿ ಮಳೆಗಾಲದ ಮಾತಿನ ದೃಶ್ಯ ಇಟ್ಟುಕೊಳ್ಳದಿರುವುದೇ ಲೇಸು.

ಪ್ರತಿ ಜಾಗದಲ್ಲೂ ಚಿತ್ರೀಕರಣ ಮುಗಿದ ಮೇಲೆ, ಯಾರೂ ಅಲುಗಾಡದೆ, ಮಾತಿನ ಮೈಕು ಇದ್ದಲ್ಲೇ ಇಟ್ಟು, ಒಂದು ನಿಮಿಷ ಬರೀ ಆ ಜಾಗದ ಮೌನವನ್ನು ರೆಕಾರ್ಡ್ ಮಾಡಿ. ರೂಮ್ ಟೋನ್ ಎನ್ನುತ್ತಾರಲ್ಲ, ಅದು ಇದೇ. ಪಡಸಾಲೆಯ ಮೌನ ಬೇರೆ, ದನದ ಕೊಟ್ಟಿಗೆಯ ಮೌನ ಬೇರೆ. ಎರಡು ಶಾಟುಗಳ ನಡುವಿನ ಬಿರುಕು ಮುಚ್ಚುವುದು ಈ ಒಂದು ನಿಮಿಷದಿಂದಲೇ. ಎಲ್ಲರಿಗೂ ಹಸಿವಾಗಿರುತ್ತದೆ, ಹೊರಡುವ ಅವಸರ ಇರುತ್ತದೆ. ನಿರ್ದೇಶಕರು ಆಗ ಗಟ್ಟಿಯಾಗಿ ನಿಂತು ಈ ನಿಮಿಷವನ್ನು ಕೊಡಿಸಬೇಕು.

ಮಾತು

ಗೋಕಾಕ ಕಡೆಯ ಮಾತಿಗೆ ತನ್ನದೇ ಏರಿಳಿತವಿದೆ. 'ಹೌದಲ್ಲೋ', 'ಏನಂತೀರಿ', 'ಬರ್ತೇನ್ರಿ' ಎನ್ನುವಾಗ ಕೊನೆಯ ಅಕ್ಷರ ಎಳೆಯುವ ರೀತಿ, ಸಿಟ್ಟಿನಲ್ಲಿ ಮಾತು ಮೊಟಕಾಗುವ ರೀತಿ. ಸ್ಟುಡಿಯೊದಲ್ಲಿ ಕುಳಿತು ತುಟಿ ಕೂಡಿಸಿ ಡಬ್ ಮಾಡಿದರೆ ಹವ್ಯಾಸಿ ನಟರ ಬಾಯಲ್ಲಿ ಇದು ಸತ್ತುಹೋಗುತ್ತದೆ. ಆದ್ದರಿಂದ ಮಾತನ್ನು ಜಾಗದಲ್ಲೇ ಹಿಡಿಯುವುದು ಒಳ್ಳೆಯದು.

ಮೈಕಿನ ಬೆಲೆಗಿಂತ ಮೈಕಿನ ದೂರ ಮುಖ್ಯ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಕ್ಯಾಮೆರಾದ ಮೇಲೆ ಕೂತ ದುಬಾರಿ ಮೈಕಿಗಿಂತ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕು ಮೇಲು ಎನ್ನುವುದಕ್ಕೆ ಇದೇ ಕಾರಣ. ಬೋಯಾ ಬಿವೈ-ಎಂ1ನಂಥ ತಂತಿಯ ಕಾಲರ್ ಮೈಕು ಹಲವರ ಬಳಿ ಇರುತ್ತದೆ. ಅದರ ಪುಟ್ಟ ಡಬ್ಬಿಯಲ್ಲಿ ಒಂದು ಸ್ವಿಚ್ಚಿದೆ. ಫೋನಿಗೆ ಹಚ್ಚಿದಾಗ ಅದು ಫೋನಿನ ಕಡೆಗಿರಬೇಕು, ಕ್ಯಾಮೆರಾಕ್ಕೆ ಹಚ್ಚಿದಾಗ ಕ್ಯಾಮೆರಾದ ಕಡೆಗೆ. ಈ ಸ್ವಿಚ್ಚು ತಪ್ಪಾಗಿ ಇಡೀ ದಿನದ ಮಾತು ಹಾಳಾಗುವುದುಂಟು. ಪ್ರತಿ ಶಾಟಿಗೆ ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳುವ ಒಬ್ಬರನ್ನು ಇದಕ್ಕೆಂದೇ ನೇಮಿಸಿ. ಅವರಿಗೆ ಬೇರೆ ಕೆಲಸ ಹೇಳಬೇಡಿ.

ಮೈಕನ್ನು ಎಲ್ಲಿ ಬಚ್ಚಿಡುವುದು? ಹಿರಿಯ ಪಾತ್ರಧಾರಿ ಪಟಗಾ ಸುತ್ತಿಕೊಂಡಿದ್ದರೆ ಹಣೆಯ ಮೇಲಿನ ಮಡಿಕೆಯಲ್ಲಿ ಇಡಬಹುದು. ಬಾಯಿಗೆ ಹತ್ತಿರ, ತಲೆ ತಿರುಗಿಸಿದರೂ ದೂರ ಬದಲಾಗುವುದಿಲ್ಲ. ಗಾಂಧಿ ಟೋಪಿಯ ಅಂಚೂ ಆದೀತು. ಇಳಕಲ್ ಸೀರೆಯ ಸೆರಗು ಸರಸರ ಎನ್ನುತ್ತದೆ, ಸೆರಗಿನ ಕೆಳಗೆ ಮೈಕು ಬೇಡ, ಕುಪ್ಪಸದ ಅಂಚಿಗೆ ಮೆತ್ತನೆಯ ಟೇಪಿನಿಂದ ಅಂಟಿಸಿ. ಆ ಕೆಲಸ ಮಾಡಲು ತಂಡದಲ್ಲೊಬ್ಬ ಹುಡುಗಿ ಇರಲಿ. ಕೈತುಂಬ ಬಳೆ ಹಾಕಿಕೊಂಡವರು ಮಾತಾಡುವಾಗ ಕೈಯಾಡಿಸಿದರೆ ಬಳೆಯ ಸದ್ದು ಮಾತಿನ ಮೇಲೆ ಬೀಳುತ್ತದೆ. ಹತ್ತಿರದ ಶಾಟುಗಳಲ್ಲಿ ಕೈ ಕಾಣದಿದ್ದರೆ ಬಳೆ ಬಿಚ್ಚಿಡಲು ಕೇಳಿಕೊಳ್ಳಿ. ಬಳೆಯ ಸದ್ದನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಬೇಕಾದಲ್ಲಿ ಸೇರಿಸಬಹುದು.

ಇಬ್ಬರು ಮೂವರು ಮಾತಾಡುವ ದೃಶ್ಯಕ್ಕೆ ಬೂಮ್ ಅನುಕೂಲ. ಹಗುರಾದ ಬಿದಿರುಗಳಕ್ಕೆ ಮೈಕನ್ನು ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿದರೆ ಆಯಿತು. ನೇರವಾಗಿ ಬಿಗಿದರೆ ಕೈ ಅಲುಗಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಮೈಕು ತಲೆಯ ಮೇಲಿಂದ, ಚೌಕಟ್ಟಿನ ಆಚೆಯಿಂದ, ಎದೆಯ ಕಡೆಗೆ ಮುಖಮಾಡಿರಬೇಕು. ಮಳೆಗಾಲದ ಗಾಳಿಗೆ ಬರೀ ಸ್ಪಂಜು ಸಾಲದು, ಉದ್ದ ರೋಮದ ಬಟ್ಟೆಯ ಹೊದಿಕೆ ಹೊಲಿಸಿಕೊಳ್ಳಿ. ಆಟಿಕೆ ಕರಡಿಗೆ ಬಳಸುವ ಬಟ್ಟೆಯೇ ಸಾಕು.

ಫೋನಿನಲ್ಲೇ ರೆಕಾರ್ಡ್ ಮಾಡುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ಫೋನು ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಪಾತ್ರ ಸುಮ್ಮನಾದಾಗ ಹಿಂದಿನ ಗದ್ದಲ ಉಕ್ಕಿಬರುವುದು ಇದರಿಂದಲೇ. ಓಪನ್ ಕ್ಯಾಮೆರಾದಂಥ ಉಚಿತ ಆ್ಯಪಿನಲ್ಲಿ ಸದ್ದನ್ನು ಸಂಸ್ಕರಿಸದೆ ಹಾಗೇ ತೆಗೆದುಕೊಳ್ಳುವ ಆಯ್ಕೆಯಿದೆ, ನಿಮ್ಮ ಫೋನು ಅದಕ್ಕೆ ಒಪ್ಪುತ್ತದೆಯೇ ನೋಡಿ. ರೆಕಾರ್ಡರ್ ಇದ್ದರೆ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಎಂದು ಹೊಂದಿಸಿ. ಮಾತಿನ ಎತ್ತರದ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಕೂಗಾಟವಿದ್ದರೂ ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿದ ದನಿ ಒಡೆದಂತೆಯೇ. ಸಣ್ಣಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು. ಪ್ರತಿ ಶಾಟಿನ ಆರಂಭದಲ್ಲಿ ಕ್ಯಾಮೆರಾದ ಎದುರು ಒಂದು ಚಪ್ಪಾಳೆ ಹೊಡೆದು, ದೃಶ್ಯದ ಸಂಖ್ಯೆ ಹೇಳಿ. ಚಿತ್ರ ಮತ್ತು ಸದ್ದು ಬೇರೆಬೇರೆ ಯಂತ್ರದಲ್ಲಿದ್ದಾಗ ಅವೆರಡನ್ನೂ ಕೂಡಿಸುವ ಗುರುತು ಅದೇ. ಫೋನಿನ ವಿಡಿಯೊದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮು ಎಂಬ ಖಾತ್ರಿ ಇರುವುದಿಲ್ಲ, ಆದ್ದರಿಂದ ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಉದ್ದದ ಶಾಟಿನಲ್ಲಿ ತುಟಿಗೂ ಮಾತಿಗೂ ನಿಧಾನವಾಗಿ ಅಂತರ ಬೀಳುತ್ತದೆ.

ಗೋಕಾಕ ಫಾಲ್ಸಿನ ಎದುರು

ಈ ಭಾಗದ ಪ್ರತಿ ತಂಡವೂ ಒಂದಲ್ಲ ಒಂದು ದೃಶ್ಯವನ್ನು ಫಾಲ್ಸಿನಲ್ಲಿ ತೆಗೆಯುತ್ತದೆ. ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಜಾಗ, ಮೇಲೆ 201 ಮೀಟರ್ ಉದ್ದದ ತೂಗುಸೇತುವೆ, ದಂಡೆಯಲ್ಲಿ 1885ರಷ್ಟು ಹಳೆಯ ಮಿಲ್ಲು. ಕಣ್ಣಿಗೆ ಹಬ್ಬ. ಮಳೆಗಾಲದಲ್ಲಿ ಅಲ್ಲಿ ಮಾತಿನ ದೃಶ್ಯ ಇಟ್ಟುಕೊಳ್ಳಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ.

ಕಾರಣ ಹೀಗಿದೆ. ಫ್ಯಾನಿನ ಗುಂಯ್‌ಗುಡುವಿಕೆ, ಕರೆಂಟಿನ ಝೇಂಕಾರ ಇಂಥವು ಕೆಲವೇ ಕಂಪನಾಂಕಗಳಲ್ಲಿ ನಿಂತಿರುತ್ತವೆ, ಹಾಗಾಗಿ ಅವನ್ನು ಆಮೇಲೆ ಸಾಕಷ್ಟು ಕಡಿಮೆ ಮಾಡಬಹುದು. ಧುಮುಕುವ ನೀರಿನ ಸದ್ದು ತಗ್ಗಿನಿಂದ ಎತ್ತರದವರೆಗೆ ಎಲ್ಲ ಕಂಪನಾಂಕಗಳಲ್ಲೂ ಹರಡಿರುತ್ತದೆ. ಮನುಷ್ಯನ ಮಾತೂ ಅದೇ ಹರವಿನೊಳಗೆ ಕೂತಿದೆ. ನಾಯ್ಸ್ ರಿಡಕ್ಷನ್ ಹಾಕಿ ನೀರನ್ನು ತೆಗೆಯಹೋದರೆ ಮಾತಿನ ಮೈಯೂ ಅದರೊಂದಿಗೆ ಹೋಗಿ, ತಗಡಿನ ಡಬ್ಬಿಯೊಳಗಿನ ದನಿ ಉಳಿಯುತ್ತದೆ. ಆದ್ದರಿಂದ ದೂರದ ಶಾಟುಗಳನ್ನು ಮಾತಿಲ್ಲದೆ ಫಾಲ್ಸಿನಲ್ಲಿ ತೆಗೆದು, ಹತ್ತಿರದ ಮಾತಿನ ಶಾಟುಗಳನ್ನು ಅಂಥದೇ ಬಂಡೆಯಿರುವ ಸದ್ದಿಲ್ಲದ ಬೇರೆ ಕಡೆ ತೆಗೆಯಿರಿ. ನಟರಿಗೆ ಒಂದು ಸೂಚನೆ ಮರೆಯದೆ ಕೊಡಿ: ಫಾಲ್ಸಿನ ಎದುರಿದ್ದಂತೆಯೇ ದನಿ ಎತ್ತರಿಸಿ ಮಾತಾಡಬೇಕು. ಸಣ್ಣದನಿಯ ಮಾತಿನ ಹಿಂದೆ ಆಮೇಲೆ ಜಲಪಾತದ ಸದ್ದು ಸೇರಿಸಿದರೆ ಯಾರೂ ನಂಬುವುದಿಲ್ಲ.

ಜಲಪಾತದ ಸದ್ದನ್ನು ಬೇರೆಯಾಗಿ, ಹಲವು ಕಡೆಯಿಂದ ರೆಕಾರ್ಡ್ ಮಾಡಿ. ತೀರಾ ಹತ್ತಿರದಿಂದ ತೆಗೆದದ್ದು ಬರೀ 'ಶ್ಶ್ಶ್' ಎಂದಷ್ಟೇ ಇರುತ್ತದೆ. ಅದು ಜಲಪಾತವೋ, ಕೆಟ್ಟ ಟಿವಿಯೋ ಗೊತ್ತಾಗದು. ಸ್ವಲ್ಪ ಹಿಂದೆ ಸರಿದು ಮಹಾಲಿಂಗೇಶ್ವರ ಗುಡಿಯ ಕಲ್ಲುಗೋಡೆಯ ಮರೆಗೆ ಬಂದರೆ ಎತ್ತರದ ಸದ್ದು ಕಳೆದು ತಳದ ಗುಡುಗು ಉಳಿಯುತ್ತದೆ. ಇನ್ನೂ ದೂರ ಹೋದರೆ ಗಾಳಿ ಬೀಸಿದಂತೆಲ್ಲ ಸದ್ದು ಏರಿ ಇಳಿಯುವುದು ಕೇಳುತ್ತದೆ. ಚಿತ್ರದಲ್ಲಿ ಈ ಮೂರನ್ನೂ ಬೆರೆಸಿ, ಹತ್ತಿರದ್ದನ್ನು ಸಣ್ಣಗೆ, ಗೋಡೆಯ ಮರೆಯದ್ದನ್ನು ದೊಡ್ಡದಾಗಿ ಇಟ್ಟಾಗ ನೋಡುವವರಿಗೆ ಜಾಗದ ಆಳ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಸೊರಗಿರುತ್ತದೆ, ಆ ದಿನಗಳಲ್ಲಿ ಬಂಡೆಯ ಸಂದಿನ ಸಣ್ಣ ಧಾರೆಗಳ ಸದ್ದು ಬೇರೆಬೇರೆಯಾಗಿ ಸಿಗುತ್ತದೆ. ಅದನ್ನೂ ಕೂಡಿಟ್ಟುಕೊಳ್ಳಿ.

ಹಕ್ಕಿಗಳ ಸದ್ದಿಗೆ ಧೂಪದಾಳದ ಹಿನ್ನೀರು ಇದೆ, ಘಟಪ್ರಭಾ ಪಕ್ಷಿಧಾಮ ಅದು. ಚಳಿಗಾಲದಲ್ಲಿ ವಲಸೆ ಕೊಕ್ಕರೆಗಳು ಬರುತ್ತವೆ. ಗುಹೆಯಂಥ ಮಾರ್ದನಿ ಬೇಕಿದ್ದರೆ ಯೋಗಿಕೊಳ್ಳಕ್ಕೆ ಹೋಗಿ, ಜನರಿಲ್ಲದ ಹೊತ್ತಿನಲ್ಲಿ ಒಂದೇ ಒಂದು ಗಟ್ಟಿ ಚಪ್ಪಾಳೆ ಹೊಡೆದು, ಅದರ ಮಾರ್ದನಿ ಪೂರ್ತಿ ಅಡಗುವವರೆಗೆ ರೆಕಾರ್ಡ್ ಮಾಡಿ ತನ್ನಿ. ಕನ್ವಲ್ಯೂಷನ್ ರಿವರ್ಬ್ ಎಂಬ ಸಾಧನಕ್ಕೆ ಈ ಚಪ್ಪಾಳೆಯನ್ನು ಕೊಟ್ಟರೆ, ಕೋಣೆಯಲ್ಲಿ ರೆಕಾರ್ಡ್ ಮಾಡಿದ ಮಾತೂ ಆ ಕೊಳ್ಳದಲ್ಲಿ ಆಡಿದಂತೆ ಕೇಳುತ್ತದೆ. ರೀಪರ್ ಸಾಫ್ಟ್‌ವೇರಿನಲ್ಲಿ ಈ ಸಾಧನ ಒಳಗೇ ಇದೆ.

ರೊಟ್ಟಿಯ ಸದ್ದು, ರವದಿಯ ಸದ್ದು

ಮೈಕು ಮಾತಿನ ಕಡೆಗೆ ಮುಖ ಮಾಡಿದ್ದರಿಂದ ಹೆಜ್ಜೆ, ಬಾಗಿಲು, ಪಾತ್ರೆಯ ಸದ್ದುಗಳು ಸಪ್ಪೆಯಾಗಿ ಬಂದಿರುತ್ತವೆ. ಅವನ್ನು ಚಿತ್ರ ನೋಡುತ್ತ ಮತ್ತೆ ಮಾಡಿ ರೆಕಾರ್ಡ್ ಮಾಡುವ ಕೆಲಸಕ್ಕೆ ಫೋಲಿ ಎಂದು ಹೆಸರು. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊದಲ್ಲಿ ವಾಕ್ಚಿತ್ರಗಳ ಮೊದಲ ದಿನಗಳಿಂದ ಇದನ್ನು ಮಾಡುತ್ತಿದ್ದ ಜಾಕ್ ಫೋಲಿಯಿಂದ ಆ ಹೆಸರು ಬಂತು. ನನಗೆ ಈ ಇಡೀ ಕೆಲಸದಲ್ಲಿ ಅತಿ ಪ್ರೀತಿಯ ಭಾಗ ಇದು, ಯಾಕೆಂದರೆ ಊರಿನ ಬದುಕನ್ನು ಇಷ್ಟು ಹತ್ತಿರದಿಂದ ಕೇಳುವ ಅವಕಾಶ ಬೇರೆ ಯಾವಾಗಲೂ ಸಿಗದು.

ಜೋಳದ ರೊಟ್ಟಿ ಬಡಿಯುವುದನ್ನೇ ತೆಗೆದುಕೊಳ್ಳಿ. ಒಲೆಯ ಮುಂದೆ ಕೂತವರ ಕೈಯಿಂದ ಎರಡು ಗೇಣು ದೂರದಲ್ಲಿ, ಹಿಟ್ಟು ಹಾರದ ಕಡೆ ಮೈಕು ಇಡಿ. ಮೊದಲು ಹಿಟ್ಟಿನ ಉಂಡೆ ದಪ್ಪಗಿದ್ದಾಗ ಸದ್ದು ಮಂದ, ನಿಧಾನ. ರೊಟ್ಟಿ ಅಗಲವಾಗಿ ತೆಳುವಾದಂತೆ ಸದ್ದು ಚುರುಕಾಗುತ್ತದೆ, ಎತ್ತರವಾಗುತ್ತದೆ, ಪ್ರತಿ ಬಡಿತಕ್ಕೂ ಬಳೆಗಳು ತಾಳ ಹಾಕುತ್ತವೆ. ಕಡೆಗೆ ಹಂಚಿನ ಮೇಲೆ ಬಿದ್ದಾಗ ಒಂದು 'ಚುಂಯ್', ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಇನ್ನೊಂದು. ಒಂದು ರೊಟ್ಟಿಯ ಪೂರ್ತಿ ಸದ್ದನ್ನು ಕತ್ತರಿಸದೆ ಇಟ್ಟರೆ ಅಡುಗೆಮನೆಯ ದೃಶ್ಯಕ್ಕೆ ಬೇರೆ ಸಂಗೀತವೇ ಬೇಕಿಲ್ಲ. ಅವ್ವ ಸಿಟ್ಟಿನಲ್ಲಿ ಬಡಿದ ರೊಟ್ಟಿಗೂ ಸಮಾಧಾನದಲ್ಲಿ ಬಡಿದ ರೊಟ್ಟಿಗೂ ಇರುವ ಅಂತರ ಈ ಭಾಗದ ಯಾವ ಪ್ರೇಕ್ಷಕರಿಗೂ ಹೇಳಿಕೊಡಬೇಕಾಗಿಲ್ಲ.

ಕಬ್ಬಿನ ಪಡದಲ್ಲಿ ಒಬ್ಬ ಓಡುವ ದೃಶ್ಯವಿದ್ದರೆ ಒಂದು ಹೊರೆ ಒಣ ರವದಿಯನ್ನು ಕೋಣೆಗೆ ತಂದು ಹರಡಿ. ಅದರ ಮೇಲೆ ನಡೆದು, ಕೈಯಿಂದ ಹಿಚುಕಿ, ಮೈಕಿನ ಪಕ್ಕದಲ್ಲಿ ಒಂದೆರಡು ಎಲೆ ಎಳೆದು ರೆಕಾರ್ಡ್ ಮಾಡಿ. ಪಾತ್ರಧಾರಿ ಚಿತ್ರದಲ್ಲಿ ಹಾಕಿಕೊಂಡ ಚಪ್ಪಲಿಯನ್ನೇ ಇಲ್ಲೂ ಹಾಕಿಕೊಳ್ಳಿ. ತೊಗಲಿನ ಚಪ್ಪಲಿಯ ಕಿರ್ರೆನ್ನುವ ಸದ್ದನ್ನು ಹವಾಯಿ ಚಪ್ಪಲಿ ಕೊಡುವುದಿಲ್ಲ. ಎರಿಮಣ್ಣಿನ ಹೊಲ, ಕಲ್ಲಿನ ಅಂಗಳ, ಸೆಗಣಿ ಸಾರಿಸಿದ ನೆಲ ಒಂದೊಂದರ ಹೆಜ್ಜೆಯೂ ಬೇರೆ. ಎತ್ತಿನ ಕೊರಳಗಂಟೆ, ನೊಗದ ಕಿರುಗು, ಹಗ್ಗ ಬಿಗಿಯುವ ಸದ್ದುಗಳನ್ನು ಊರಲ್ಲೇ ಹಿಡಿಯಿರಿ. ಇಂಥವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು, ಆದರೆ ಅಲ್ಲಿನ ದನದ ಗಂಟೆ ಬಹುತೇಕ ಬೇರೆ ದೇಶದ ಬೆಟ್ಟದ್ದಾಗಿರುತ್ತದೆ.

ಸಂಗೀತ ಯಾರ ಹತ್ತಿರ ಕೇಳಬೇಕು

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಕವಿ, ನಾಟಕಕಾರರಷ್ಟೇ ಅಲ್ಲ. ಸಿನಿಮಾ ನಿರ್ದೇಶಿಸಿದರು, ಅದಕ್ಕೆ ಸಂಗೀತವನ್ನೂ ಕೂಡಿಸಿದರು. ಅವರ 'ಕಾಡು ಕುದುರೆ' ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕಂಬಾರರ ನಾಟಕ ಆಧರಿಸಿದ 'ಋಷ್ಯಶೃಂಗ' ಚಿತ್ರದ ಸಂಗೀತಕ್ಕಾಗಿ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು, ಮರುವರ್ಷ 'ಘಟಶ್ರಾದ್ಧ'ಕ್ಕೂ ದೊರೆಯಿತು. ಕಂಬಾರ, ಕಾರಂತ ಇಬ್ಬರ ಕೆಲಸವನ್ನೂ ಕಿರುಚಿತ್ರ ಮಾಡುವವರು ಕಿವಿಗೊಟ್ಟು ಕೇಳಬೇಕು. ದೊಡ್ಡ ವಾದ್ಯವೃಂದದ ಬಲವಿಲ್ಲದೆ, ನೆಲದ ಧಾಟಿಯಿಂದಲೇ ಸಿನಿಮಾ ಸಂಗೀತ ಕಟ್ಟಬಹುದೆಂದು ತೋರಿಸಿದವರು ಅವರು.

ಗೋಕಾಕ ಸೀಮೆ ಶ್ರೀಕೃಷ್ಣ ಪಾರಿಜಾತದ ಸೀಮೆ. ಆ ಆಟವನ್ನು ಊರೂರಿಗೆ ಹಬ್ಬಿಸಿದ ಕುಲಗೋಡ ತಮ್ಮಣ್ಣ, ಅದರಲ್ಲಿ ಹಾಡಿ ಕುಣಿದು ಹೆಸರಾದ ಕೌಜಲಗಿ ನಿಂಗಮ್ಮ ಇಬ್ಬರೂ ಇಲ್ಲಿಯವರು. ಇವತ್ತಿಗೂ ಇಲ್ಲಿ ಪೇಟಿ ಬಾರಿಸುವವರು, ತಬಲಾ, ತಾಳದವರು, ಭಜನಾ ಮೇಳದವರು ಹಳ್ಳಿಗೊಬ್ಬರಾದರೂ ಸಿಗುತ್ತಾರೆ. ಚೌಡಿಕೆ, ಕರಡಿಮಜಲು, ಸನಾದಿ, ಡೊಳ್ಳು ಇವೆ. ಅರಭಾವಿಯ ದುರದುಂಡೇಶ್ವರ ಮಠದಂಥ ಕಡೆ ಭಜನೆ ಕೇಳಲು ಕೂತರೆ ನಿಮಗೆ ಬೇಕಾದವರ ಪರಿಚಯ ತಾನಾಗಿ ಆಗುತ್ತದೆ.

ಅವರ ಬಳಿ ಹೋಗುವಾಗ ಎಡಿಟ್ ಮುಗಿದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಒಯ್ಯಿರಿ. "ತಮ್ಮಾ, ಯಾವ ರಾಗ ಬಾರಸ್ಲಿ ಹೇಳು" ಎಂದು ಪೇಟಿ ಮಾಸ್ತರರು ಕೇಳುತ್ತಾರೆ. ರಾಗದ ಹೆಸರು ಹೇಳಲು ಹೋಗಬೇಡಿ. "ಮಾಸ್ತರ, ಈ ಹುಡುಗ ಊರು ಬಿಟ್ಟು ಹೊಂಟಾನ್ರಿ, ಅವರವ್ವಗ ಹೇಳಿಲ್ಲ, ನೀವು ನೋಡಿಕೋತ ಬಾರಸ್ರಿ" ಎಂದು ಕಥೆ ಹೇಳಿ. ಜೋಗಿಯಾ ಬರುತ್ತದೋ ಪೀಲು ಬರುತ್ತದೋ ಅವರ ಕೈಗೆ ಬಿಟ್ಟದ್ದು. ಚಿತ್ರ ನೋಡುತ್ತ ಮೂರ್ನಾಲ್ಕು ಸಲ ಬಾರಿಸಲಿ, ಎಲ್ಲವನ್ನೂ ರೆಕಾರ್ಡ್ ಮಾಡಿ. ಪೇಟಿಯ ಯಾವ ಮನೆಯನ್ನು ಷಡ್ಜ ಮಾಡಿಕೊಂಡು ಬಾರಿಸಿದರು ಎಂದು ಬರೆದುಕೊಳ್ಳಿ, ಕಾಳಿ ಎರಡೋ ಪಾಂಢರಿ ಒಂದೋ. ಆಮೇಲೆ ಇನ್ನೊಂದು ವಾದ್ಯ ಸೇರಿಸುವಾಗ ಅದು ಬೇಕಾಗುತ್ತದೆ. ಬರೀ ಷಡ್ಜವನ್ನು ಒಂದು ನಿಮಿಷ ಹಿಡಿದು ನಿಲ್ಲಲು ಕೇಳಿಕೊಳ್ಳಿ. ಸ್ವರ ಒತ್ತದೆ ಪೇಟಿಯ ತಿದಿಯನ್ನಷ್ಟೇ ಎಳೆದರೆ ಉಸಿರಿನಂಥ ಸದ್ದು ಬರುತ್ತದೆ, ಅದನ್ನೂ ಹಿಡಿಯಿರಿ. ಚೌಡಿಕೆಯ ತಂತಿ ಬಿಗಿಯುವಾಗಿನ ಜಾರು, ಡೊಳ್ಳಿನ ತೊಗಲಿನ ಮೇಲೆ ಅಂಗೈ ಉಜ್ಜುವ ಸದ್ದು, ಹೀಗೆ ವಾದ್ಯದ ಸುತ್ತಲಿನ ಸಣ್ಣ ಸದ್ದುಗಳು ಆತಂಕದ ದೃಶ್ಯಗಳಿಗೆ ಹೇಳಿಮಾಡಿಸಿದಂತಿರುತ್ತವೆ.

ಮೈಕಿನ ಲೆಕ್ಕ ವಾದ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ಚೌಡಿಕೆ ಮೆಲುದನಿಯದು, ಒಂದು ಮೊಳದಷ್ಟು ಹತ್ತಿರವಿರಲಿ. ಸನಾದಿಯ ಬಾಯಿಗೆ ನೇರವಾಗಿ ಇಟ್ಟರೆ ಕಿವಿಗೆ ಇರಿಯುತ್ತದೆ, ಆರೇಳು ಅಡಿ ದೂರ, ಪಕ್ಕಕ್ಕೆ ಇರಲಿ. ಡೊಳ್ಳನ್ನು ಕೋಣೆಯಲ್ಲಿ ಬೇಡ, ಬಯಲಿನಲ್ಲಿ ಹತ್ತು ಹನ್ನೆರಡು ಅಡಿ ದೂರದಿಂದ ತೆಗೆಯಿರಿ. ಭಜನಾ ಮೇಳದಲ್ಲಿ ತಾಳದ ಸದ್ದು ಉಳಿದೆಲ್ಲವನ್ನೂ ನುಂಗುತ್ತದೆ. ತಾಳದವರನ್ನು ಗೌರವದಿಂದ ಕೇಳಿಕೊಂಡು ಎರಡು ಮಾರು ಹಿಂದೆ ಕೂರಿಸಿ, ಮೈಕನ್ನು ಹಾಡುವವರ ಮತ್ತು ಪೇಟಿಯ ನಡುವೆ ಇಡಿ. ಈ ಕಲಾವಿದರ ಲಯ ಹಾಡು ಏರಿದಂತೆ ತುಸು ವೇಗವಾಗುತ್ತದೆ. ಕಿವಿಗೆ ಮೆಟ್ರೊನೋಮ್ ಹಾಕಿ ಅವರನ್ನು ಕಟ್ಟಿಹಾಕಬೇಡಿ, ಚಿತ್ರದ ಕತ್ತರಿಯನ್ನೇ ಅವರ ಲಯಕ್ಕೆ ಹೊಂದಿಸಿ.

ಹತ್ತು ನಿಮಿಷದ ಚಿತ್ರಕ್ಕೆ ಎರಡು ಮೂರು ನಿಮಿಷದ ಸಂಗೀತ ಧಾರಾಳ ಸಾಕು ಎಂಬುದು ನನ್ನ ಅನಿಸಿಕೆ. ಪಾತ್ರ ಅಳುವಾಗ ಸಂಗೀತವೂ ಅತ್ತರೆ ಪ್ರೇಕ್ಷಕರಿಗೆ ಉಳಿಯುವುದೇನು? ಅಳು ನಿಂತ ಮೇಲೆ ಬರಲಿ. ಒಂದೇ ವಾದ್ಯ, ಒಂದೇ ಸಣ್ಣ ಧಾಟಿ ಹಿಡಿದು, ಅದನ್ನೇ ಆರಂಭದಲ್ಲಿ ನಿಧಾನವಾಗಿ, ನಡುವೆ ಅರ್ಧ, ಕಡೆಗೆ ಪೂರ್ತಿ ಕೇಳಿಸುವುದು ಹೊಸಬರಿಗೆ ಸುಲಭದ ದಾರಿ.

ಹಕ್ಕಿನ ಮಾತು

ಸಿನಿಮಾ ಹಾಡಿನ ತುಣುಕು ಹಾಕಿದರೆ ಯೂಟ್ಯೂಬ್ ಅದನ್ನು ಗುರುತಿಸುತ್ತದೆ, ಉತ್ಸವಗಳೂ ಚಿತ್ರವನ್ನು ತಿರಸ್ಕರಿಸಬಹುದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆಯಿದೆ. 1977ರ 'ಸನಾದಿ ಅಪ್ಪಣ್ಣ'ದಲ್ಲಿ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿ ಎಷ್ಟೇ ಮನಸ್ಸಿಗೆ ಹತ್ತಿರವಾಗಿದ್ದರೂ ಅನುಮತಿ ಇಲ್ಲದೆ ಬಳಸುವಂತಿಲ್ಲ. ಪದ್ಯ, ಧಾಟಿಗಳಿಗೆ ಕರ್ತೃವಿನ ಜೀವಿತಾವಧಿಯ ಮೇಲೆ 60 ವರ್ಷ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಗಳಿಗೆ ಸಿ. ಅಶ್ವತ್ಥರು ಹಾಕಿದ ಧಾಟಿ ಅವರದು, 2009ರಲ್ಲಿ ನಿಧನರಾದ ಅವರ ರಚನೆಗೆ ಹಕ್ಕು ಇನ್ನೂ ಇದೆ. ವಚನಗಳಿಗೂ ಇದೇ ಲೆಕ್ಕ. ನಿಮ್ಮೂರ ಭಜನೆಯವರು ತಲೆಮಾರಿನಿಂದ ಹಾಡಿಕೊಂಡು ಬಂದ ಧಾಟಿಯನ್ನು ಅವರಿಂದಲೇ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳುವುದು ಇದಕ್ಕೆ ನೇರ ಪರಿಹಾರ. ಆ ಹಾಡಿಕೆಯಲ್ಲಿ ಅವರಿಗೂ ಕಲಾವಿದರ ಹಕ್ಕಿದೆ ಎಂಬುದು ನೆನಪಿರಲಿ. ಯಾವ ಚಿತ್ರಕ್ಕೆ, ಎಲ್ಲೆಲ್ಲಿ ತೋರಿಸಲು ಒಪ್ಪಿದ್ದಾರೆ ಎಂದು ಕನ್ನಡದಲ್ಲೇ ಒಂದು ಪುಟ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಸಂಭಾವನೆ ಚಿಕ್ಕದಾದರೂ ಕೊಡಿ, ಅದೇ ದಿನ ಕೊಡಿ. ಕೂಲಿ ಬಿಟ್ಟು ಬಂದಿರುತ್ತಾರೆ.

ಎಲ್ಲವನ್ನೂ ಕೂಡಿಸುವಾಗ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫೇರ್‌ಲೈಟ್ ಎಂಬ ಸದ್ದಿನ ವಿಭಾಗವಿದೆ. ಹಳೆಯ ಕಂಪ್ಯೂಟರಾದರೆ ಆಡಾಸಿಟಿ ಇದೆ. ಮಾತು, ಜಾಗದ ಸದ್ದು, ಫೋಲಿ, ಸಂಗೀತ ನಾಲ್ಕಕ್ಕೂ ಬೇರೆಬೇರೆ ಟ್ರ್ಯಾಕು. ಮೊದಲು ಮಾತನ್ನು ಒಂದೇ ಮಟ್ಟಕ್ಕೆ ತಂದು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಗಾಳಿಯ, ಕೈತಾಗಿದ ಗುಡುಗುಡು ಅಲ್ಲೇ ಕಳೆಯುತ್ತದೆ. ಪ್ರತಿ ಕಟ್ಟಿನಲ್ಲೂ ಎರಡು ಮೂರು ಫ್ರೇಮಿನ ಕ್ರಾಸ್‌ಫೇಡ್ ಹಾಕಿ, ಕೆಳಗೆ ರೂಮ್ ಟೋನ್ ಹಾಸಿ. ಮುಂದಿನ ದೃಶ್ಯದ ಸದ್ದನ್ನು ಒಂದೆರಡು ಸೆಕೆಂಡು ಮೊದಲೇ ತಂದರೆ ಕಟ್ಟು ಕಾಣದಂತಾಗುತ್ತದೆ: ಅವ್ವ ಇನ್ನೂ ಹೊಸ್ತಿಲಲ್ಲಿ ನಿಂತಿರುವಾಗಲೇ ಘಟಪ್ರಭಾ ಸ್ಟೇಷನ್ನಿನ ರೈಲಿನ ಸೀಟಿ ಕೇಳಿದರೆ, ಮಗ ಹೊರಟುಹೋದದ್ದನ್ನು ಮಾತಿಲ್ಲದೆ ಹೇಳಿದಂತಾಯಿತು.

ಯೂಟ್ಯೂಬಿಗೆ ಹಾಕುವುದಾದರೆ ಒಟ್ಟು ಗಟ್ಟಿತನ ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿನಲ್ಲಿರಲಿ. ಅದಕ್ಕಿಂತ ಜೋರಿದ್ದರೆ ಯೂಟ್ಯೂಬೇ ಇಳಿಸುತ್ತದೆ, ಮೆತ್ತಗಿದ್ದರೆ ಏರಿಸುವುದಿಲ್ಲ. ಮಿಕ್ಸ್ ಮುಗಿದ ಮೇಲೆ ಹೆಡ್‌ಫೋನಿನಲ್ಲಿ ಒಮ್ಮೆ, ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಫೋನಿನಲ್ಲಿ ಡೊಳ್ಳಿನ ತಳ ಕೇಳಿಸದೆ ಹೋದರೆ ಗಾಬರಿ ಬೇಡ, ಮಾತು ಸ್ಪಷ್ಟವಿದೆಯೇ ಅಷ್ಟು ನೋಡಿ. ಕಾಲೇಜಿನ ಸಭಾಂಗಣದಲ್ಲಿ ತೋರಿಸುವುದಿದ್ದರೆ ಸ್ಟೀರಿಯೊವನ್ನು ಮೊನೊ ಮಾಡಿ ಪರೀಕ್ಷಿಸಲೇಬೇಕು. ಹೆಚ್ಚಿನ ಸಭಾಂಗಣಗಳ ಧ್ವನಿವರ್ಧಕ ಎರಡೂ ಬದಿಯನ್ನು ಕೂಡಿಸಿ ಒಂದೇ ಮಾಡುತ್ತದೆ, ಆಗ ಕೆಲವು ಸದ್ದುಗಳು ಪರಸ್ಪರ ಕಳೆದುಹೋಗುತ್ತವೆ. ಹಿಂದಿನ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಫ್ಯಾನುಗಳನ್ನು ಪ್ರದರ್ಶನದ ದಿನ ಇರುವಷ್ಟೇ ವೇಗದಲ್ಲಿ ಹಾಕಿ, ಮೊದಲ ಎರಡು ನಿಮಿಷ ಮತ್ತು ಅತಿ ಮೆಲ್ಲಗಿನ ಮಾತಿನ ದೃಶ್ಯ ಓಡಿಸಿ ನೋಡಿ. ಆಂಪ್ಲಿಫೈಯರಿನ ಗುಂಡಿ ಎಲ್ಲಿಗೆ ನಿಂತಾಗ ಸರಿಯಾಯಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಅಂದು ಯಂತ್ರ ನಡೆಸುವವರಿಗೆ ಅದನ್ನು ತೋರಿಸಿ ಬನ್ನಿ.